ಬೀಗಿತಿಯ ಉಸಿರು

ಗದಿಗೆಪ್ಪ ಕುರ್ಚಿಯ ಮೇಲೆ ಕೂತು ಗದ್ದ ಮೇಲೆತ್ತಿದ. ನೊರೆ ಎಬ್ಬಿಸಿಕೊಂಡು ಬ್ರಶ್ಶು ಹಿಡಿದು ಬಂದ ನಾನು ಅಲ್ಲೇ ನಿಂತುಬಿಟ್ಟೆ. ಬೋಳಿಸಲು ಅವನ ಮುಖದ ಮೇಲೆ ಏನೂ ಇರಲಿಲ್ಲ. ಬಸಿರಿ ಹೆಂಡತಿಯ ಕುಬಸದ ದಿನ ಬೆಳಿಗ್ಗೆ ನಾನು ಮಾಡಿದ ಕ್ಷೌರ ಹೇಗಿತ್ತೋ ಹಾಗೇ ಇತ್ತು. ಅದಾದ ಮೇಲೆ ಒಂದು ಅಮಾವಾಸ್ಯೆ ಕಳೆದಿತ್ತು. ಬೆಳಿಗ್ಗೆ ತೆಗೆದರೆ ಸಂಜೆಗೆ ಕೈಗೆ ಚುಚ್ಚುವ ಗಡ್ಡ ಅವನದು. ಬೇರೆ ಅಂಗಡಿಗೆ ಹೋಗಿ ಬಂದು ಈಗ ನನ್ನ ಮುಂದೆ ಕೂತಿದ್ದಾನೆ ಎಂದು ನನಗೆ ಸಿಟ್ಟು ಬಂತು. ಅಕ್ಕನ ಮಗನೇ ಹೀಗೆ ಮಾಡಿದರೆ ಊರಿನವರು ಮಾಡದೆ ಬಿಡುತ್ತಾರೆಯೇ?

"ಯಾರ ಕಡೆ ಮಾಡಿಸಿದ್ಯೊ?" ಎಂದೆ.

"ಎಲ್ಲೂ ಹೋಗಿಲ್ಲ ಮಾಮಾ. ನೀವಽ ಒಮ್ಮಿ ನೋಡ್ರಿ ಅಂತ ಬಂದೀನಿ," ಎಂದು ಅವನು ಎರಡೂ ಕೈ ಚಾಚಿದ. ಉಗುರುಗಳು ಕತ್ತರಿಸಿದಲ್ಲೇ ನಿಂತಿದ್ದವು.

ನನ್ನ ಕೈಯೊಳಗಿನ ಬ್ರಶ್ಶಿನಿಂದ ನೊರೆ ಜಾರಿ ಪಾದದ ಮೇಲೆ ಬಿತ್ತು. ನನಗೆ ನೆನಪಾದದ್ದು ಗಡ್ಡವಲ್ಲ, ಅವನ ಹೆಂಡತಿ ಮಾಳವ್ವ. ಅವಳಿಗೆ ಎಂಟು ತಿಂಗಳು ತುಂಬುತ್ತಿತ್ತು.

"ಕೂಸು?" ಎಂದೆ.

"ಆಡತೈತಿ. ಆದ್ರ ಸೂಲಗಿತ್ತಿ ನಿನ್ನೆ ಹೊಟ್ಟಿ ಮುಟ್ಟಿ ನೋಡಿದ್ಲು. ಹೊಳ್ಳಿ ಹೋಗುವಾಗ ಹೇಳಿದ್ಲು, ಕುಬಸದಾಗ ಎಷ್ಟಿತ್ತೊ ಅಷ್ಟಽ ಐತಿ, ಹಿಂಗಽ ಇದ್ರ ದಣೀತೈತಿ ಅಂತ."

ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ನಾನು ಅವನ ಹಿಂದೆ ಹೊರಟೆ.

ನಮ್ಮ ಊರಿನಲ್ಲಿ ಮನೆ ಎಂದರೆ ಬಾನಿ. ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ ಕಡೆ ಎದೆಯೆತ್ತರದ ಗಾಜಿನ ಬಾನಿ, ಅದರ ತುಂಬ ಬೀಟ್‌ರೂಟ್ ಬೇಯಿಸಿದಂಥ ಕೆಂಪು ನೀರು. ಆ ನೀರಿನೊಳಗಿರುವ ಕಣ್ಣಿಗೆ ಕಾಣದ ಜೀವಗಳನ್ನು ಶಾಲೆಯ ಪುಸ್ತಕ ಬ್ಯಾಕ್ಟೀರಿಯಾ ಎನ್ನುತ್ತದೆ, ನಮ್ಮ ಹೆಂಗಸರು ಬರೀ 'ಅವು' ಎನ್ನುತ್ತಾರೆ. ಅವು ಬೆಳೆದಷ್ಟು ಮನೆಯವರು ಬೆಳೆಯುತ್ತಾರೆ. ಕೂಸಿನ ಕೈಕಾಲು, ಮುದುಕಿಯ ಉಗುರು, ನನ್ನ ಹೊಟ್ಟೆ ಹೊರೆಯುವ ಊರ ಮಂದಿಯ ಕೂದಲು, ಎಲ್ಲ ಅದರ ಲೆಕ್ಕಕ್ಕೇ. ಬಾನಿಗೆ ಹಗಲೆಲ್ಲ ಬಿಸಿಲು ಬೇಕು, ಬೆಳಿಗ್ಗೆ ಒಂದಿಷ್ಟು ಊಟ ಬೇಕು, ಸಂಜೆ ಊದುಗೊಳವೆಯಿಂದ ಉಸಿರು ಬೇಕು. ಮುಚ್ಚಳಕ್ಕೆ ಮೇಣ ಮೆತ್ತಿರುತ್ತದೆ, ಬಯಲ ಗಾಳಿ ತಾಗಿದರೆ ಕೆಂಪು ಬಿಳಿಚಿಕೊಳ್ಳುತ್ತದೆ. ಯಾರು ಯಾವ ಬಾನಿಗೆ ಊದುತ್ತಾರೋ ಅವರೂ ಅವರ ಮಕ್ಕಳುಮರಿಯೂ ಆ ಬಾನಿಯ ಜೊತೆ ಬೆಳೆಯುತ್ತಾರೆ. ಆದ್ದರಿಂದ ಬಾನಿಯಿದ್ದವರು ಇನ್ನೊಬ್ಬರ ಕೊಳವೆಗೆ ಬಾಯಿಡುವುದಿಲ್ಲ. ಇಟ್ಟರೆ ಸ್ವಂತ ಮನೆಯ ಬಾನಿ ಸೊರಗುತ್ತದೆ.

ಹೆಚ್ಚಿನವರು ಬಾನಿಗೆ ಗಂಜಿನೀರು ಹಾಕುತ್ತಾರೆ. ಅದಕ್ಕೆ ಮನೆಯವರ ಉಸಿರೇ ಸಾಕು. ನನ್ನ ಅಕ್ಕ ಚಂಪವ್ವನದು ತುಪ್ಪದಂಗಡಿಯ ಮನೆ. ಬೆಣ್ಣೆ ಕಾಸಿದ ಗಸಿಯೆಲ್ಲ ಅವಳ ಬಾನಿಗೆ. ಹಾಗಾಗಿ ಊರಿಗೆಲ್ಲ ದೊಡ್ಡ ಬಾನಿ ಅದು, ಅದು ಕೇಳುವ ಉಸಿರೂ ದೊಡ್ಡದು. ಅದಕ್ಕೆಂದೇ ಸುಣ್ಣದ ಭಟ್ಟಿಯ ಆಚೆಯ ಓಣಿಯಿಂದ ಊದುವವರು ಬರುತ್ತಿದ್ದರು. ಅವರ ಮನೆಗಳಲ್ಲಿ ಬಾನಿ ಇಲ್ಲ. ಅವರಿಗಿದ್ದದ್ದು ಬರೀ ಉಸಿರು. ಸಂಜೆಯಾದರೆ ಅಕ್ಕನ ಅಂಗಳದಲ್ಲಿ ಗಂಡಸರು ಹೆಂಗಸರು ಸಾಲಾಗಿ ಕೂತು ಸರದಿಯಂತೆ ಊದುತ್ತಿದ್ದರು, ಅವರ ಮಕ್ಕಳು ಅಲ್ಲೇ ನಮ್ಮ ಓಣಿಯ ಮಕ್ಕಳ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದವು. ಆ ಸಾಲಿನ ಮೊದಲಿಗೆ ಕೂರುತ್ತಿದ್ದವಳು ದುರುಗವ್ವ. ಅವಳ ಪಕ್ಕದಲ್ಲಿ ಅವಳ ಹಿರಿಮಗಳು ಮಾಳವ್ವ. ಗದಿಗೆಪ್ಪ ಅಂಗಡಿ ಬಿಟ್ಟು ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಯಾಕೆ ಬರುತ್ತಾನೆಂದು ನಮಗೆಲ್ಲ ತಿಳಿಯುವ ಹೊತ್ತಿಗೆ ಮದುವೆ ಮಾಡದೆ ಬೇರೆ ದಾರಿ ಇರಲಿಲ್ಲ.

ಅಕ್ಕ ಅತ್ತು ಕರೆದು ಮಾಡಲಿಲ್ಲ. ಮಾಡುವುದಾದರೆ ಚೊಕ್ಕಾಗಿ ಮಾಡುವವಳು. ಊದುವವರ ಓಣಿಗೆ ಹೊಸ ಬಟ್ಟೆ ಕಳಿಸಿದಳು, ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ ಬಡಿಸಿದಳು. ಮರುದಿನ ಸಂಜೆ ದುರುಗವ್ವ ಎಂದಿನಂತೆ ಬಂದು ಕೊಳವೆಯ ಮುಂದೆ ಕೂತಾಗ ಅಕ್ಕ ಓಡಿ ಬಂದು ಅವಳ ಕೈ ಹಿಡಿದು ಎಬ್ಬಿಸಿದಳು.

"ಇದೇನ್ರಿ ಬೀಗಿತ್ಯಾರ, ನೀವು ನಮ್ಮನಿ ಬಾನಿಗಿ ಊದೂದಂದ್ರೇನು? ಜನಾ ನನಗ ಉಗುಳ್ತಾರ. ಬರ್ರಿ, ತೂಗುಮಂಚದ ಮ್ಯಾಲ ಕೂಡ್ರಿ."

ಆ ಓಣಿಯವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ದುರುಗವ್ವನ ಬಳಗವೇ. ಅಂದ ಮೇಲೆ ಎಲ್ಲರೂ ಬೀಗರೇ. ಎಲ್ಲರಿಗೂ ತೂಗುಮಂಚ, ಎಲ್ಲರಿಗೂ ಎಲೆಅಡಿಕೆ. ಊದುವ ಕೆಲಸ ಆ ದಿನವೇ ನಿಂತಿತು. ನಾನು ಅಲ್ಲೇ ಇದ್ದೆ, ಅಕ್ಕನ ದೊಡ್ಡಸ್ತಿಕೆ ನೋಡಿ ಎದೆಯುಬ್ಬಿತ್ತು. ಹಾಗೆ ನೋಡಿದರೆ ಬಾನಿಗೂ ಏನೂ ಆದಂತೆ ಕಾಣಲಿಲ್ಲ. ಉಸಿರು ಕಡಿಮೆಯಾದಂತೆ ಅದು ಇನ್ನಷ್ಟು ಗುಳ್ಳೆ ಬಿಡತೊಡಗಿತು. ಮುಚ್ಚಳದಿಂದ ಪಡಸಾಲೆಯ ದೀಪಕ್ಕೆ ಒಂದು ನಳಿಕೆ ಇದೆ, ಆ ಗುಳ್ಳೆಯ ಗಾಳಿಯಿಂದಲೇ ದೀಪ ಉರಿಯುವುದು. ಮದುವೆಯಾದ ಮೇಲೆ ಆ ದೀಪ ಮೊಳದುದ್ದ ಎದ್ದು ಉರಿಯಿತು. ಸೊಸೆಯ ಕಾಲ್ಗುಣ ಎಂದು ಅಕ್ಕ ಬಂದವರಿಗೆಲ್ಲ ತೋರಿಸಿದಳು.

ಈಗ ಗದಿಗೆಪ್ಪನ ಜೊತೆ ನಾನು ಪಡಸಾಲೆಗೆ ಬಂದಾಗ ಆ ದೀಪ ಆರಿತ್ತು. ಅಂಗಳಕ್ಕೆ ಹೋಗಿ ಬಾನಿಗೆ ಮುಖವಿಟ್ಟು ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಬಿಸಿಲು ಸುರಿಯುತ್ತಿತ್ತು, ನೀರಿನ ಮೇಲೆ ಗಸಿ ಬೆರಳುದ್ದ ದಪ್ಪಕ್ಕೆ ಕರಗದೆ ನಿಂತಿತ್ತು, ಕೆಳಗೆ ನೀರು ಮಾತ್ರ ಅಲ್ಲಾಡದೆ ಇತ್ತು. ಇಷ್ಟು ಊಟ, ಇಷ್ಟು ಬೆಳಕು ಇಟ್ಟುಕೊಂಡು ಸುಮ್ಮನೆ ಕೂತ ಬಾನಿಯನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

"ದೀಪ ಆರಿ ಎಷ್ಟು ದಿನಾ ಆತು ಅಕ್ಕಾ?"

"ಕುಬಸದ ದಿನಽ ಆರೇತಿ," ಎಂದಳು ಅಕ್ಕ. ಅವಳ ದನಿಯಲ್ಲಿ ಇನ್ನೂ ಹೆಮ್ಮೆ ಸ್ವಲ್ಪ ಉಳಿದಿತ್ತು. "ಬಂದವರೆಲ್ಲಾ ತುಪ್ಪಾ ತಂದಿದ್ರು, ಎಲ್ಲಾ ಹಾಕೀನಿ. ಹೊಲಕ್ಕ ಗೊಬ್ಬರಾ ಅಂತ ಹಾಕೂ ಬಿಳಿ ಪುಡಿನೂ ಹಾಕೀನಿ, ಲಗೂನ ಬೆಳೀಲಿ ಅಂತ. ಗುಳ್ಳಿ ನಿಂತ್ವು. ಭೇಷ್ ಆತು ಅಂದೆ. ದೀಪಕ್ಕ ಹೋಗೂದು ಉಳದು ಮೊಮ್ಮಗಗ ಆಗತೈತಿ ಅಂದೆ."

ಗದಿಗೆಪ್ಪ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಸಿದ. ಪೇಟೆಯ ಕಾಲೇಜಿನಲ್ಲಿ ಒಂದಿಷ್ಟು ಓದಿದವನು ಅವನು. ಮನೆಯಲ್ಲಿ ಆ ಓದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

"ಅವ್ವಾ, ತುಪ್ಪದಾಗ ಎಲೆಕ್ಟ್ರಾನ್ ಅಂತ ಇರತಾವ, ಗಂಜಿಗಿಂತ ಭಾಳ. ಅವು ತುಪ್ಪಾ ತಿಂದು ಮೈಗೆ ಬೇಕಾದಷ್ಟು ಎಲೆಕ್ಟ್ರಾನ್ ಇಟಗೊಂಡು ಉಳದದ್ದನ್ನ ಎಲ್ಯರ ಇಳಸಬೇಕು. ಉಸಿರು ಬಂದ್ರ ಅದರ ಮ್ಯಾಲ ಇಳಸ್ತಾವ, ಆ ಉಸಿರೂ ಅವುಗಳ ಮೈ ಆಗತೈತಿ. ಉಸಿರು ಇಲ್ಲಂದ್ರ ಗುಳ್ಳಿ ಮಾಡಿ ಹೊರಗ ಒಗೀತಾವ. ನನ್ನ ಮದುವಿ ಆದಾಗಿಂದ ಎರಡು ವರ್ಷ ಹಂಗಽ ನಡದಿತ್ತು. ಆ ಪುಡಿ ಸಿಕ್ರ ಅವು ಗುಳ್ಳಿ ಮಾಡೂದಽ ಬಿಡ್ತಾವ, ನೀ ಅದನ್ನ ಹಾಕಿ ಗುಳ್ಳಿ ಬಾಗಿಲಾನೂ ಹಾಕಿದಿ."

"ಬಿಸಲು ಐತೆಲ್ಲೊ," ಎಂದಳು ಅಕ್ಕ.

"ಬಿಸಲು ಎಲೆಕ್ಟ್ರಾನ್ನ ಗರಗರ ತಿರುಗಸ್ತೈತಿ ಅಷ್ಟಽ, ತಾನು ತಗೊಳ್ಳೂದಿಲ್ಲ. ತಿರಗಬೇಕಂದ್ರ ಎಲ್ಯರ ಒಂದು ಕೈ ಖಾಲಿ ಇರಬೇಕು. ಎಲ್ಲಾರ ಕೈಯಾಗೂ ಕೊಡ ಇದ್ರ ಯಾರು ಯಾರಿಗೆ ದಾಟಸ್ತಾರ?"

ಅಕ್ಕನಿಗೆ ಅರ್ಥವಾದದ್ದು ಎಷ್ಟೋ ಗೊತ್ತಿಲ್ಲ. ಅವಳು ಕೊಳವೆಗೆ ಬಾಯಿಟ್ಟು ಊದಲು ಕೂತಳು. ಆಮೇಲೆ ಗದಿಗೆಪ್ಪ ಊದಿದ. ಬೇಡವೆಂದರೂ ಕೇಳದೆ ಮಾಳವ್ವ ಹೊಟ್ಟೆ ಹಿಡಿದುಕೊಂಡು ಬಂದು ಊದಿದಳು. ಮೂವರೂ ಬೆವತು ಹಣ್ಣಾದರು. ಊದಲು ನನ್ನ ಬಾಯಿಯೂ ತುಡಿಯುತ್ತಿತ್ತು, ಆದರೆ ನನ್ನ ಮನೆಯಲ್ಲಿ ನನ್ನ ಬಾನಿಯನ್ನು ನೆಚ್ಚಿಕೊಂಡ ಮೊಮ್ಮಕ್ಕಳಿದ್ದರು. ಬಾನಿಯ ತಳದಲ್ಲಿ ಒಂದು ಎಳೆ ಕೆಂಪು ಮಿಸುಕಿದಂತಾಗಿ ಮತ್ತೆ ನಿಂತಿತು. ಅಷ್ಟು ತುಪ್ಪಕ್ಕೆ ಮೂರು ಜನರ ಉಸಿರು ಯಾವ ಮೂಲೆಗೆ? ಎಲ್ಲ ಚೆಲ್ಲಿ ಹೊಸ ನೀರು ತುಂಬೋಣವೆಂದರೆ, ಬಾನಿ ಚೆಲ್ಲಿದ ಮನೆಯಲ್ಲಿ ಬಸಿರು ಉಳಿದದ್ದನ್ನು ನಾವು ಯಾರೂ ಕಂಡಿಲ್ಲ.

"ನಮ್ಮವ್ವನ್ನ ಕರಸ್ರಿ ಅತ್ತೀ," ಎಂದಳು ಮಾಳವ್ವ. ಗೋಡೆಗೆ ಆತು ಕೂತಿದ್ದಳು, ಕೈ ಹೊಟ್ಟೆಯ ಮೇಲಿತ್ತು. "ಓಣ್ಯಾಗಿನವರನ್ನೆಲ್ಲಾ ಕರಸ್ರಿ. ಒದಿಯೂದು ಸಣ್ಣ ಆಗೇತಿ."

"ಯಾವ ಬಾಯಿಲೆ ಕೇಳಲೆವ್ವಾ? ಬೀಗಿತಿಗಿ ಬಂದು ಊದ್ರಿ ಅನ್ನಲೇನು?"

"ಕುಬಸದಾಗ ಆಕೀನಽ ಕೇಳಿದ್ಲಲ್ಲ. ಒಂದೀಟು ಊದಿ ಹೋಗ್ತೀನಿ ಅಂದ್ಲು. ನೀವು ಛೇ ಅಂದ್ರಿ."

ಅದು ನಿಜ. ನಾನೂ ಕೇಳಿಸಿಕೊಂಡಿದ್ದೆ. ಕುಬಸದ ದಿನ ಎಲ್ಲರೂ ತುಪ್ಪದ ತಂಬಿಗೆ ಹಿಡಿದು ಬಂದರೆ ದುರುಗವ್ವ ಬರಿಗೈಯಲ್ಲಿ ಒಬ್ಬಳೇ ಬಂದಿದ್ದಳು. ತಂಗಿ ಪಾರಿಯನ್ನು ಯಾಕೆ ಕರೆತರಲಿಲ್ಲವೆಂದು ಮಾಳವ್ವ ಕೇಳಿದ್ದಕ್ಕೆ, ನೆಗಡಿ ಎಂದಿದ್ದಳು. ಹಿಂದಿನ ದೀಪಾವಳಿಗೂ ಪಾರಿಗೆ ನೆಗಡಿಯೇ ಆಗಿತ್ತು. ಮಾಳವ್ವನನ್ನು ತವರಿಗೆ ಕಳಿಸುವ ಪದ್ಧತಿ ಅಕ್ಕ ಇಟ್ಟಿರಲಿಲ್ಲ. ಅಲ್ಲಿ ಮಲಗಲು ಒಂದು ಮಂಚವಿಲ್ಲ, ಸೊಸೆಗೆ ತೊಂದರೆಯಾಗುತ್ತದೆ ಎಂದು ಅವಳ ಕಾಳಜಿ.

ಕಡೆಗೆ ಅಕ್ಕ ಎದ್ದಳು. ಹಾಗೇ ಹೋಗಲಿಲ್ಲ, ಇಳಕಲ್ಲ ಸೀರೆ ಉಟ್ಟಳು, ಅರಿಸಿನ ಕುಂಕುಮ ತಗೊಂಡಳು, ಒಂದು ಗಡಿಗೆ ತುಪ್ಪವನ್ನೂ ಸೊಂಟಕ್ಕೇರಿಸಿದಳು. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ನನ್ನನ್ನೇ ಗದರಿದಳು. ಮಾಳವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಗದಿಗೆಪ್ಪ ಅವಳನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡ.

ಸುಣ್ಣದ ಭಟ್ಟಿ ದಾಟಿ ನಾನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಊರ ತಲೆಯೆಲ್ಲ ನನ್ನ ಕೈಯೊಳಗೆ ಎಂದು ಮೆರೆಯುವವನು ನಾನು, ಆ ಓಣಿಯ ಒಂದು ತಲೆಯನ್ನೂ ಮುಟ್ಟಿರಲಿಲ್ಲ. ಬಾನಿ ಇಲ್ಲದವರ ಕಡೆ ಕತ್ತಿ ಕತ್ತರಿಯ ಹಡಪ ಒಯ್ಯುವ ರೂಢಿ ನಮ್ಮಲ್ಲಿರಲಿಲ್ಲ. ಹುಡುಗರು ಬಯಲಲ್ಲಿ ಆಡುತ್ತಿದ್ದರು. ನಾನು ಮೊದಲು ನೋಡಿದ್ದು ಅವರ ತಲೆಗಳನ್ನು. ಎಲ್ಲರ ಕೂದಲೂ ಒಂದೇ ಅಳತೆಗೆ, ನಿನ್ನೆ ಕತ್ತರಿಸಿದಂತೆ ಸಮನಾಗಿತ್ತು. ಯಾವ ನಾವಿದನಪ್ಪ ಇವನು, ಕೈ ಚೆನ್ನಾಗಿದೆ ಎಂದುಕೊಂಡೆ. ಆಮೇಲೆ ಅವರ ಅಂಗಿಗಳ ಮೇಲೆ ಕಣ್ಣು ಬಿತ್ತು. ಬಣ್ಣ ಹೋದ, ಹೊಲಿಗೆ ಬಿಟ್ಟ ಅಂಗಿಗಳು, ಆದರೆ ಯಾವುದೂ ಯಾರಿಗೂ ಗಿಡ್ಡವಾಗಿರಲಿಲ್ಲ. ಆ ಬಟ್ಟೆಯ ಹೂವು ನನಗೆ ಗುರುತಿತ್ತು. ಗದಿಗೆಪ್ಪನ ಮದುವೆಗೆ ಅಕ್ಕ ಒಂದೇ ಥಾನಿನಿಂದ ಹೊಲಿಸಿ ಕಳಿಸಿದ ಬಟ್ಟೆ ಅದು.

ಒಂದು ಹುಡುಗಿ ಓಡಿ ಬಂದು ಚಕ್ಕಡಿಯ ಗಾಲಿ ಹಿಡಿದು ನಿಂತಿತು. "ಅಕ್ಕಾ," ಎಂದಿತು.

ಮಾಳವ್ವ ಕೆಳಗೆ ನೋಡಿದಳು. ಮದುವೆಯ ಫೋಟೊದಲ್ಲಿ ಅವಳ ಸೆರಗು ಹಿಡಿದು ನಿಂತ ಪಾರಿ ಹೇಗಿದ್ದಳೋ ಈ ಪಾರಿಯೂ ಹಾಗೇ ಇದ್ದಳು. ಅದೇ ಲಂಗ, ಅದೇ ಎತ್ತರ. ನಕ್ಕಾಗ ಮುಂದಿನ ಎರಡು ಹಲ್ಲಿನ ಜಾಗ ಖಾಲಿ ಕಂಡಿತು. ಆ ಹಲ್ಲು ಬಿದ್ದದ್ದು ಮದುವೆಯ ಹಿಂದಿನ ದಿನ. ಹೊಸ ಹಲ್ಲು ಬರಲಿ ಎಂದು ಅದನ್ನು ಸಗಣಿಯಲ್ಲಿಟ್ಟು ಅಕ್ಕನ ಮನೆಯ ಮಾಡಿನ ಮೇಲೆ ಎಸೆದವನು ನಾನೇ.

ನಾನು ಗಾಬರಿಯಿಂದ ಅಕ್ಕನ ಕಡೆ ತಿರುಗಿದೆ. ಅವಳು ಗಡಿಗೆಯನ್ನು ಸೊಂಟದ ಮೇಲಿಂದ ಇಳಿಸಬೇಕೋ ಹಿಡಿದುಕೊಳ್ಳಬೇಕೋ ತಿಳಿಯದೆ ನಿಂತಿದ್ದಳು. ಒಂದು ತಿಂಗಳು ಗಡ್ಡ ಬೆಳೆಯಲಿಲ್ಲವೆಂದು ನಾವು ಅಂಗಡಿ ಬಾಗಿಲು ತೆರೆದಿಟ್ಟು ಓಡಿದ್ದೆವು. ಇಲ್ಲಿ ಒಂದು ಓಣಿಯ ಮಕ್ಕಳೆಲ್ಲ ಎರಡು ವರ್ಷದಿಂದ ನಿಂತಿದ್ದವು, ಸುದ್ದಿ ಭಟ್ಟಿಯನ್ನು ದಾಟಿ ಬಂದಿರಲಿಲ್ಲ.

ದುರುಗವ್ವ ಗುಡಿಸಲಿನಿಂದ ಹೊರಗೆ ಬಂದಳು. ಮಗಳನ್ನು ನೋಡಿದಳು, ಮಗಳ ಹೊಟ್ಟೆಯನ್ನು ನೋಡಿದಳು, ಆಮೇಲೆ ನಮ್ಮನ್ನು. "ಬರ್ರಿ ಬೀಗಿತ್ಯಾರ. ಕೂಡ್ರಾಕ ಚಾಪಿ ಹಾಸ್ತೀನಿ," ಎಂದಳು.

"ಹೇಳಬಾರದಿತ್ತೇನವ್ವಾ?" ಎಂದು ಮಾಳವ್ವ ಚೀರಿದಳು. "ನನಗರ ಹೇಳಬಾರದಿತ್ತೇನು?"

"ಹೇಳಿ ಏನ್ಮಾಡೂದಿತ್ತು? ಮಗಳು ಕೊಟ್ಟ ಮನಿ. ಕೆಲಸಾ ಕೊಡ್ರಿ ಅಂತ ಹ್ಯಾಂಗ ಕೇಳೂದು?" ದುರುಗವ್ವ ಚಾಪೆಯನ್ನು ಕೊಡವುತ್ತಲೇ ಮಾತಾಡಿದಳು. "ಉಳದವರ ಮನಿಗೂ ಹೋಗಿದ್ದೆ. ಚಂಪವ್ವನ ಬೀಗಿತಿ ಕಡೆ ಹ್ಯಾಂಗ ಊದಿಸಿಕೊಳ್ಳೂದು ಅಂದ್ರು. ಎಲ್ಲಾರೂ ಮಾನಾ ಕೊಟ್ರು, ಸುಳ್ಳು ಹೇಳಬಾರದು. ಬೀಗರಾಗೂಕಿಂತ ಮೊದಲ ಮಕ್ಕಳು ಬೆಳೀತಿದ್ವು ಅಷ್ಟಽ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ, ಜಗಳಕ್ಕೆ ಅವಳು ಎಂದೂ ಹೆದರಿದವಳಲ್ಲ. ಈಗ ಗಡಿಗೆಯನ್ನು ನೆಲದ ಮೇಲಿಟ್ಟು, ದುರುಗವ್ವನ ಮುಂದೆ ಹೋಗಿ ನಿಂತು, ಎರಡೂ ಅಂಗೈ ಬಿಚ್ಚಿ ತೋರಿಸಿದಳು.

"ಬರಿಗೈಲೆ ಬಂದೀನಿ ದುರುಗವ್ವಾ. ಕೂಸು ಬೆಳೀವಲ್ದು. ಬಂದು ಊದು."

ಎರಡು ವರ್ಷದ ಮೇಲೆ ಅವಳು ಬೀಗಿತಿಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ದುರುಗವ್ವ ಚಾಪೆಯನ್ನು ಸುತ್ತಿ ಒಳಗಿಟ್ಟಳು. ಆಮೇಲೆ ಬಯಲ ಕಡೆ ತಿರುಗಿ ಒಂದು ಕೂಗು ಹಾಕಿದಳು. ಓಣಿಗೆ ಓಣಿಯೇ ಎದ್ದು ಬಂತು.

ಆ ಸಂಜೆ ಅಕ್ಕನ ಅಂಗಳದಲ್ಲಿ ಮತ್ತೆ ಸಾಲು ಕೂತಿತು. ದುರುಗವ್ವ ಮೊದಲು ಊದಿದಳು. ಅವಳ ಎದೆಗೂಡು ಎದ್ದು ಇಳಿಯುವುದನ್ನು ನಾನು ನೋಡುತ್ತ ನಿಂತಿದ್ದೆ. ಎರಡು ವರ್ಷ ಯಾರಿಗೂ ಬೇಡವಾಗಿದ್ದ ಉಸಿರು ಅದು. ಊದಿ ಮುಗಿಸಿ ಅವಳು ಕೊಳವೆಯ ಬಾಯನ್ನು ಸೆರಗಿನಿಂದ ಒರೆಸಲು ಹೋದಳು. ಮುಂದಿನ ಸರದಿ ಅಕ್ಕನದಾಗಿತ್ತು. ಅಕ್ಕ ಅವಳ ಕೈ ಸರಿಸಿ ಹಸಿ ಕೊಳವೆಯನ್ನೇ ಬಾಯಿಗಿಟ್ಟುಕೊಂಡಳು. ಇನ್ನೊಬ್ಬರು ಕುಡಿದ ಲೋಟವನ್ನು ಬೂದಿಯಿಂದ ತಿಕ್ಕಿ ತೊಳೆಸುವ ನನ್ನ ಅಕ್ಕ ಇವಳೇ ಹೌದೋ ಎಂದು ನಾನು ಕಣ್ಣುಜ್ಜಿಕೊಂಡೆ. ಕೊಳವೆ ಕೈಯಿಂದ ಕೈಗೆ, ಬಾಯಿಯಿಂದ ಬಾಯಿಗೆ ಹೋಯಿತು. ಹೊತ್ತು ಮುಳುಗುವ ಮುಂಚೆ ಗಸಿಯ ಪದರ ಬಿರುಕು ಬಿಟ್ಟಿತು, ಕೆಳಗಿನಿಂದ ಕೆಂಪು ಏಳತೊಡಗಿತು. ಮಾಳವ್ವ ಒಮ್ಮೆಲೇ ಬೆನ್ನು ನೆಟ್ಟಗೆ ಮಾಡಿ ಹೊಟ್ಟೆ ಹಿಡಿದುಕೊಂಡಳು.

"ಒದೀತು. ಜೋರ್ ಒದೀತು," ಎಂದಳು. ಗದಿಗೆಪ್ಪ ಕೊಳವೆ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಅತ್ತ.

ಕೂಸು ತಡವಾಗಿ ಹುಟ್ಟಿತು, ಗಟ್ಟಿಯಾಗಿ ಹುಟ್ಟಿತು. ಹೆಣ್ಣು. ತಲೆ ತುಂಬ ಕೂದಲು, ನನ್ನ ಕಸುಬಿಗೆ ಮರ್ಯಾದೆ ಕೊಟ್ಟೇ ಬಂದಿತ್ತು. ಬಾನಿಗೆ ಬಿಳಿ ಪುಡಿ ಹಾಕುವುದನ್ನು ಅಕ್ಕ ಬಿಟ್ಟಳು. ಸುಣ್ಣದ ಭಟ್ಟಿಯ ಓಣಿಯವರು ದಿನವೂ ಸಂಜೆ ಬರುತ್ತಾರೆ, ಊದುತ್ತಾರೆ, ತೂಗುಮಂಚದ ಮೇಲೂ ಕೂರುತ್ತಾರೆ. ನಾನು ವಾರಕ್ಕೊಮ್ಮೆ ಹಡಪ ಹೊತ್ತು ಆ ಓಣಿಗೆ ಹೋಗುತ್ತೇನೆ. ಅಲ್ಲಿ ಈಗ ನನಗೆ ಕೈತುಂಬ ಕೆಲಸ.

ಕೂಸಿನ ತೊಟ್ಟಿಲಿಗೆ ಎಲ್ಲರೂ ಸೇರಿದ್ದಾಗ ಪಾರಿ ಬಂದು ಅಕ್ಕನ ಮುಂದೆ ನಿಂತು ಬಾಯಿ ತೆರೆದಳು. ವಸಡಿನಲ್ಲಿ ಎರಡು ಬಿಳಿ ಮೊನೆ ಕಾಣುತ್ತಿದ್ದವು. ಅಕ್ಕ ನಕ್ಕು ಅವಳ ಗದ್ದ ಹಿಡಿದಳು. ನಾವೆಲ್ಲರೂ ನಕ್ಕೆವು. ಪಾರಿ ನಗಲಿಲ್ಲ. ಅಂಗಳದಲ್ಲಿ ಅವಳ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ನಮ್ಮ ಓಣಿಯ ಹುಡುಗಿಯರು ಅಲ್ಲೇ ನಿಂತಿದ್ದರು, ಎರಡು ಜಡೆ ಹಾಕಿಕೊಂಡು, ಅವಳಿಗಿಂತ ಒಂದು ತಲೆ ಎತ್ತರಕ್ಕೆ. ಪಾರಿ ಅವರನ್ನು ನೋಡಿದಳು.

"ಅತ್ತೀ, ನಾ ಇನ್ನಮ್ಯಾಲಿಂದು ಬೆಳೀತೀನಿ," ಎಂದಳು. "ಹಿಂದಿನ ಎರಡು ವರ್ಷದ್ದು ಯಾವಾಗ ಕೊಡ್ತೀರಿ?"

ಎಂಥ ಮಾತಿಗೂ ತಕ್ಷಣ ಮಾತು ಜೋಡಿಸುವವಳು ನನ್ನ ಅಕ್ಕ. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ, ಉಸಿರಷ್ಟೇ ಬಂತು.